ಔಷಧಿ ಹೊಡೆದ ಮಾತ್ರಕ್ಕೆ ಫಸಲು ಬರುತ್ತಾ?

ಮಳೆಗಾಲ ಹತ್ತಿರ ಬಂದಾಗ, ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಒಂದು ಬಗೆಯ ಜನ ಜಾಸ್ತಿ ಬರುತ್ತಾರೆ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಅಡಿಕೆ ತೋಟ. ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು ಸಿಗುತ್ತಿಲ್ಲ ಅಂತ ಅಪ್ಪ ಫೋನಿನಲ್ಲಿ ಹೇಳಿರುತ್ತಾರೆ. ಅದೇ ವಾರ ಆಫೀಸಿನಲ್ಲಿ ಮ್ಯಾನೇಜರ್ ಏನೋ ಅಂದಿರುತ್ತಾರೆ. ಎರಡೂ ಸೇರಿ ತಲೆ ಕೆಟ್ಟು, ಶುಕ್ರವಾರ ರಾತ್ರಿ ಬಸ್ ಹತ್ತಿ, ಶನಿವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿದು ನನ್ನೆದುರು ಕೂತಿರುತ್ತಾರೆ. "ಸಾಕಾಗಿದೆ ಮೇಡಂ. ರಿಸೈನ್ ಮಾಡಿ ತೋಟ ನೋಡ್ಕೊಳ್ತೀನಿ."

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಹೀಗೇ ಬಂದಿದ್ದ. 29 ವರ್ಷ, ಸಾಫ್ಟ್‌ವೇರ್ ಕೆಲಸ. ಐದು ವರ್ಷದ ಗುರಿ ಏನು ಅಂತ ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಇಂಟರ್‌ವ್ಯೂಗೆ ಕಲಿತ ಉತ್ತರವನ್ನೇ ಒಪ್ಪಿಸುತ್ತಾರೆ. "ಯುಗಾದಿಗೆ ಬಂದಾಗ ಊರಿನಲ್ಲಿ ನಾಲ್ಕು ದಿನ ಇದ್ದಿರಲ್ಲ, ಏನೇನು ಮಾಡಿದಿರಿ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ. ತೋಟಕ್ಕೆ ಹೋಗಿದ್ದು ಒಂದೇ ದಿನ, ಅದೂ ಬಿಸಿಲು ಅಂತ ಬೇಗ ವಾಪಸ್. ಉಳಿದ ಮೂರು ದಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಹರಡಿಕೊಂಡು ಕೂತಿದ್ದನಂತೆ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರುವಾಗಬೇಕು, ಅಪ್ಪನ ಮೊಬೈಲಿಗೆ ಮೆಸೇಜ್ ಬರಬೇಕು. ಅಮ್ಮ ಊಟಕ್ಕೆ ನಾಲ್ಕು ಸಲ ಕರೆದರೂ ಎದ್ದಿರಲಿಲ್ಲ.

ಇಷ್ಟು ಹೇಳುವಾಗ ಅವನ ಮುಖವೇ ಬೇರೆ ಆಗಿತ್ತು. ಅವನನ್ನು ಎಳೆಯುತ್ತಿದ್ದದ್ದು ತೋಟ ಅಲ್ಲ, ಕೆಟ್ಟಿದ್ದನ್ನು ಸರಿಮಾಡುವ ಕೆಲಸ.

ಹಾಗಾದರೆ ಆಫೀಸು ಯಾಕೆ ಬೇಡವಾಗಿತ್ತು? ಅದನ್ನೂ ಬರೆಸಿದೆ. ರಾತ್ರಿ ಹತ್ತಕ್ಕೆ ಕಾಲ್, ಟ್ರಾಫಿಕ್ಕು, ರಜೆ ಕೇಳಿದರೆ ಮುಖ ಸಿಂಡರಿಸುವ ಮ್ಯಾನೇಜರ್, ಕಮ್ಮಿ ಇನ್‌ಕ್ರಿಮೆಂಟ್. ಪಟ್ಟಿ ಉದ್ದವಿತ್ತು. ಅದರಲ್ಲಿ ಕೆಲಸದ ಬಗ್ಗೆ ಒಂದು ದೂರೂ ಇರಲಿಲ್ಲ. ಎಲ್ಲವೂ ಕೆಲಸದ ಸುತ್ತಮುತ್ತಲಿನ ದೂರುಗಳು.

ಈ ವ್ಯತ್ಯಾಸವನ್ನು ಮೊದಲು ಚೆನ್ನಾಗಿ ಹಿಡಿದವರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಒಬ್ಬರು. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಅವರ ತಂಡ ಕೂರಿಸಿ ಮಾತಾಡಿಸಿತು. ಕೆಲಸದಲ್ಲಿ ತುಂಬಾ ಖುಷಿಯಾದ ಒಂದು ಸಂದರ್ಭ ಹೇಳಿ, ತುಂಬಾ ಬೇಸರವಾದ ಒಂದು ಸಂದರ್ಭ ಹೇಳಿ ಎಂದು ಕೇಳಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಬೇಸರದ ಕತೆಗಳಲ್ಲಿ ಹೆಚ್ಚಾಗಿ ಬಂದದ್ದು ಕಂಪನಿಯ ನಿಯಮ, ಮೇಲಧಿಕಾರಿ, ಸಂಬಳ, ಕೆಲಸದ ಜಾಗದ ಪರಿಸ್ಥಿತಿ. ಖುಷಿಯ ಕತೆಗಳಲ್ಲಿ ಬಂದದ್ದು ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು, ಕೆಲಸವೇ ಹಿಡಿಸಿದ್ದು. ಅಂದರೆ ಬೇಸರದ ಕಾರಣಗಳನ್ನು ತೆಗೆದುಹಾಕಿದರೆ ಬೇಸರ ಹೋಗುತ್ತದೆ, ಅಷ್ಟೇ. ಖುಷಿ ಬರಬೇಕಾದರೆ ಬೇರೆಯದೇ ಏನೋ ಬೇಕು.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆ ಹಿಡಿಯುವ ಮೊದಲು ನಾವು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 40-45 ದಿನ ಬಿಟ್ಟು ಇನ್ನೊಂದು ಸಲ. ಹೊಡೆಯದಿದ್ದರೆ ಕೊಳೆ ಬಂದು ಕಾಯಿ ಉದುರಿಹೋಗುತ್ತದೆ. ಹಾಗಂತ ಎಷ್ಟು ಸಲ ಹೊಡೆದರೂ ಗೊನೆಯಲ್ಲಿ ಒಂದು ಕಾಯಿ ಜಾಸ್ತಿ ಆಗುವುದಿಲ್ಲ. ಅದಕ್ಕೆ ಬುಡಕ್ಕೆ ಸೊಪ್ಪು, ಗೊಬ್ಬರ ಬೀಳಬೇಕು. ಸಂಬಳ, ರಜೆ, ಒಳ್ಳೆಯ ಮ್ಯಾನೇಜರ್ ಇವೆಲ್ಲ ಔಷಧಿ. ಹಿಡಿಸುವ ಕೆಲಸ, ಅದರಲ್ಲಿ ಸಿಗುವ ಗೆಲುವು ಗೊಬ್ಬರ. ಆ ಹುಡುಗನ ಬುಡದಲ್ಲಿ ಗೊಬ್ಬರ ಇತ್ತು, ಔಷಧಿ ತಪ್ಪಿತ್ತು. ಅವನು ಕೆಲಸ ಬಿಡಲಿಲ್ಲ. ಅದೇ ಕಂಪನಿಯಲ್ಲಿ ಬೇರೆ ಟೀಮು ಕೇಳಿ ತೆಗೆದುಕೊಂಡ.

ಹರ್ಜ್‌ಬರ್ಗ್ ಮಾತಿಗೆ ಆಮೇಲೆ ಆಕ್ಷೇಪವೂ ಬಂತು. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಆಫೀಸಿನಿಂದ ಅನ್ನುವುದು ಮನುಷ್ಯನ ಸ್ವಭಾವ ಅಲ್ವಾ? ಆಕ್ಷೇಪ ಸರಿಯೇ ಇದೆ. ನಾನೂ ಇದನ್ನು ವೇದವಾಕ್ಯ ಅಂತ ಬಳಸುವುದಿಲ್ಲ, ದೂರುಗಳನ್ನು ಬೇರೆ ಮಾಡುವ ಮೊರದ ಹಾಗೆ ಬಳಸುತ್ತೇನೆ. ಇನ್ನೊಂದು ಮಾತು. ತಿಂಗಳ ಬಾಡಿಗೆಗೇ ಒದ್ದಾಡುತ್ತಿರುವವರಿಗೆ "ಕೆಲಸವನ್ನು ಪ್ರೀತಿಸಿ" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಮೊದಲು ಔಷಧಿ.

ಗೊಬ್ಬರವನ್ನು ಗುರುತಿಸದೆ ನಾನೇ ಕೆಡಿಸಿದ ಒಂದು ಸಂಗತಿ ಇದೆ. ಸಲಹೆ ಕೊಡುವ ಕೆಲಸಕ್ಕೆ ಬರುವ ಮೊದಲು ನಾನು ಒಂದು ಫೌಂಡ್ರಿಯ ಎಚ್ಆರ್ ವಿಭಾಗದಲ್ಲಿದ್ದೆ. ಅಲ್ಲಿ ಒಬ್ಬರು ಮೋಲ್ಡರ್ ಇದ್ದರು, ಅಂದರೆ ಎರಕ ಹೊಯ್ಯಲು ಮರಳಿನ ಅಚ್ಚು ಮಾಡುವವರು. ಮರಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಸಾಕು, ತೇವ ಜಾಸ್ತಿಯೋ ಕಮ್ಮಿಯೋ ಹೇಳಿಬಿಡುತ್ತಿದ್ದರು. ಅವರ ಅಚ್ಚಿನಲ್ಲಿ ರಿಜೆಕ್ಷನ್ ಬರುವುದೇ ಅಪರೂಪ. ಇಷ್ಟು ಒಳ್ಳೆಯ ಕೆಲಸಗಾರ ಅಂತ ಸೂಪರ್‌ವೈಸರ್ ಮಾಡಿದೆವು. ಬಡ್ತಿ ಪತ್ರ ಟೈಪ್ ಮಾಡಿಸಿದ್ದು ನಾನೇ, ಸ್ವೀಟ್ ತರಿಸಿದ್ದೂ ನಾನೇ. ಆರು ತಿಂಗಳಿಗೆ ಅವರು ಇಳಿದುಹೋಗಿದ್ದರು. ಹಾಜರಿ ಪುಸ್ತಕ, ಶಿಫ್ಟ್ ಜಗಳ, ಮೇಲಿನವರಿಗೆ ಉತ್ತರ. "ಮೇಡಂ, ಕೈಗೆ ಮರಳೇ ತಾಗದೆ ದಿನ ಹೋಗ್ತದೆ" ಎಂದರು. ಆಗ ನನಗೆ ಅರ್ಥ ಆಗಲಿಲ್ಲ. ಸಂಬಳ ಜಾಸ್ತಿ ಆಗಿದೆಯಲ್ಲ ಅಂದೆ. ವರ್ಷ ತುಂಬುವ ಮೊದಲೇ ಬೇರೆ ಫೌಂಡ್ರಿಗೆ ಹೋದರು, ಮತ್ತೆ ಮೋಲ್ಡರ್ ಆಗಿ.

ಆಮೇಲೆ ಎಡ್ಗರ್ ಶೈನ್ ಅವರ ಕೆಲಸ ಓದಿದಾಗ ಈ ಮನುಷ್ಯ ನೆನಪಾದರು. ಶೈನ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮ್ಯಾನೇಜ್‌ಮೆಂಟ್ ಓದಿದ 44 ಮಂದಿಯನ್ನು 1960ರ ದಶಕದಿಂದ ಹಲವು ವರ್ಷ ಹಿಂಬಾಲಿಸಿ ನೋಡಿದರು. ಕೆಲಸ ಬದಲಿಸಿದರೂ ಪ್ರತಿಯೊಬ್ಬರೂ ಯಾವುದೋ ಒಂದನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಅದನ್ನು ಅವರು ಲಂಗರು ಎಂದು ಕರೆದರು. ಕೆಲವರಿಗೆ ಅದು ಕೈಯ ಕಸುಬು, ಕೆಲವರಿಗೆ ಜನರನ್ನು ನಡೆಸುವುದು, ಕೆಲವರಿಗೆ ಸ್ವಾತಂತ್ರ್ಯ. ಕೊನೆಗೆ ಇಂಥ ಎಂಟು ಲಂಗರುಗಳನ್ನು ಪಟ್ಟಿ ಮಾಡಿದರು. ಮೋಲ್ಡರ್ ಅವರದು ಕಸುಬಿನ ಲಂಗರು. ನಾವು ಅದನ್ನೇ ಕಿತ್ತು ಬಹುಮಾನ ಅಂತ ಕೊಟ್ಟಿದ್ದೆವು.

ಆ ಎಂಟರಲ್ಲಿ ಭದ್ರತೆಯೂ ಒಂದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸರ್ಕಾರಿ ಕೆಲಸ ಬೇಕು ಅನ್ನುವ ಮಕ್ಕಳನ್ನು ಧೈರ್ಯ ಇಲ್ಲದವರು ಅಂತ ಅಣಕಿಸುವ ಭಾಷಣಕಾರರು ಈಗ ಜಾಸ್ತಿ ಆಗಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, ಆಮೇಲೆ ಕಾಗದ ಕಾರ್ಖಾನೆ ಬಂತು. ತಲೆಮಾರುಗಳು ಅದರ ಸೈರನ್ ಕೇಳಿ ಬೆಳೆದವು. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದನ್ನು ಕಣ್ಣಾರೆ ಕಂಡ ಮನೆಯ ಹುಡುಗಿ ಭದ್ರತೆ ಬೇಕು ಅಂದರೆ ಅದು ಹೇಡಿತನವಾ?

ಅಂಥ ಹುಡುಗಿಯೊಬ್ಬಳು ಹೋದ ವರ್ಷ ಬಂದಳು. ನಾಲ್ಕು ವರ್ಷದಿಂದ ಎಫ್‌ಡಿಎ, ಎಸ್‌ಡಿಎ ಪರೀಕ್ಷೆ ಬರೆಯುತ್ತಿದ್ದಳು. ಈ ಗುರಿ ತನ್ನದೋ ಅಪ್ಪನದೋ ಅಂತಲೇ ತಿಳಿಯದಾಗಿತ್ತು. ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಒಂದು ಹಳೆಯ ಡೈರಿ ತಗೊಳ್ಳಿ. ಎರಡು ವಾರ, ಮಲಗುವ ಮೊದಲು ಎರಡೇ ಸಾಲು ಬರೆಯಿರಿ. ಇವತ್ತು ಯಾವ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಯಾವ ಹೊತ್ತಿನಲ್ಲಿ ಗಡಿಯಾರ ನೋಡಿದಿರಿ? ಯಾಕೆ ಅಂತ ಬರೆಯಬೇಡಿ. ಕಾರಣ ಬರೆಯಲು ಹೊರಟರೆ ನಮಗೆ ಒಪ್ಪುವಂಥದ್ದನ್ನೇ ಬರೆಯುತ್ತೇವೆ. ಇದರ ಜೊತೆ ಅವಳಿಗೆ ಇನ್ನೊಂದು ಕೆಲಸ ಕೊಟ್ಟೆ: ಕಾರ್ಖಾನೆಯಲ್ಲಿ ಏನು ಇಷ್ಟ ಇತ್ತು ಅಂತ ಅಪ್ಪನನ್ನು ಕೇಳು.

ಎರಡು ವಾರ ಬಿಟ್ಟು ಡೈರಿ ಹಿಡಿದು ಬಂದಳು. ಗೊತ್ತಾಗದೆ ಹೋದ ಹೊತ್ತುಗಳಲ್ಲಿ ಏಳೆಂಟು ಒಂದೇ ಥರ ಇದ್ದವು: ಲೈಬ್ರರಿಯಲ್ಲಿ ಜೊತೆಯವರಿಗೆ ಲೆಕ್ಕ ಹೇಳಿಕೊಟ್ಟದ್ದು. ಆ ಬಗ್ಗೆ ಮಾತಾಡೋಣ ಅಂದೆ. ಅವಳಿಗೆ ಮೊದಲು ಅಪ್ಪನ ವಿಷಯ ಹೇಳಬೇಕಿತ್ತು. ಪರ್ಮನೆಂಟ್ ಕೆಲಸ, ಕ್ವಾರ್ಟರ್ಸು, ಪಿಎಫ್ ಅಂತ ಹೇಳುತ್ತಾರೆ ಅಂದುಕೊಂಡು ಕೇಳಿದ್ದಳು. ಅಪ್ಪ ಅದ್ಯಾವುದನ್ನೂ ಎತ್ತಲಿಲ್ಲವಂತೆ. ಅವಳ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಎರಡು ಬೆರಳಿನ ಮಧ್ಯೆ ಹಿಡಿದು ಉಜ್ಜಿದರು. ಹಾಳೆಯ ದಪ್ಪ, ಅದರ ನಯ, ಮಷಿನ್ನಿನಿಂದ ಇಳಿಯುವಾಗ ಅದರ ಬಿಸಿ, ಇದರ ಬಗ್ಗೆಯೇ ರಾತ್ರಿ ಹನ್ನೊಂದರ ತನಕ ಮಾತಾಡಿದರು.