ಎಳೆದರೆ ತೆರೆದುಕೊಳ್ಳುವ ಟ್ಯಾಲಿನ್: ಜೀವಕೋಶಕ್ಕೆ ಬಲ ತಿಳಿಯುವ ಬಗೆ

"ಜೀವಕೋಶ ಬಲವನ್ನು ಗ್ರಹಿಸುತ್ತದೆ" ಎಂದಷ್ಟೇ ಬರೆದರೆ ಅರ್ಧ ಉತ್ತರವೂ ಆಗುವುದಿಲ್ಲ. ಯಾವ ಪ್ರೋಟೀನಿನ ಯಾವ ಭಾಗ ಎಷ್ಟು ಬಲಕ್ಕೆ ಆಕಾರ ಬದಲಿಸಿತು, ಬದಲಾದ ಆ ಜಾಗಕ್ಕೆ ಬಂದು ಕೂತದ್ದು ಯಾವುದು ಎಂದು ಹೇಳಬೇಕು. ಇದನ್ನು ಕಲಿಯಲು ಕೋಶದೊಳಗಿನ ಟ್ಯಾಲಿನ್ ಎಂಬ ಪ್ರೋಟೀನಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಮೊದಲು ಅಳತೆ. ಬಲದ ಮಾನ ನ್ಯೂಟನ್; ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲು ಪಿಕೋನ್ಯೂಟನ್. 30 ಮಿಲಿಗ್ರಾಂ ತೂಗುವ ಒಂದು ಬಿಳಿಜೋಳದ ಕಾಳಿನ ಭಾರ ಸುಮಾರು 30 ಕೋಟಿ ಪಿಕೋನ್ಯೂಟನ್. ಕೋಶದೊಳಗೆ ಎಳೆಯುವ ಕೆಲಸದ ಪ್ರೋಟೀನ್ ಮಯೋಸಿನ್; ಅದರ ಒಂದು ಅಣು ಎಳೆಯುವುದು ಕೆಲವೇ ಪಿಕೋನ್ಯೂಟನ್. ಅಷ್ಟರಿಂದ ಏನಾದೀತು ಎನ್ನಬೇಡಿ. 5 ಪಿಕೋನ್ಯೂಟನ್ ಬಲ 4 ನ್ಯಾನೊಮೀಟರ್ ಸರಿದರೆ ಆಗುವ ಕೆಲಸ 20 ಪಿಕೋನ್ಯೂಟನ್-ನ್ಯಾನೊಮೀಟರ್. ದೇಹದ ಬಿಸಿಯಲ್ಲಿ ಅಣುಗಳಿಗೆ ಸಹಜವಾಗಿ ಇರುವ ಉಷ್ಣಶಕ್ತಿಯ ಅಳತೆ ಇದೇ ಮಾನದಲ್ಲಿ ಸುಮಾರು 4.3. ಅಂದರೆ ಆ ಕೆಲಸ ಇದರ ಹೆಚ್ಚುಕಡಿಮೆ ಐದು ಪಟ್ಟು. ಮಡಚಿಕೊಂಡ ಪ್ರೋಟೀನನ್ನು ಬಿಚ್ಚಲು ಈ ಪ್ರಮಾಣವೇ ಬೇಕು.

ಟ್ಯಾಲಿನ್‌ನ ತಲೆ ಪೊರೆಯಲ್ಲಿರುವ ಇಂಟೆಗ್ರಿನ್ (ಕೋಶವನ್ನು ಹೊರಗಿನ ನೆಲಕ್ಕೆ ಅಂಟಿಸುವ ಪ್ರೋಟೀನ್) ಹಿಡಿದಿರುತ್ತದೆ, ಉದ್ದನೆಯ ದಂಡ ಕೋಶದೊಳಗಿನ ಹುರಿಯಂಥ ಆಕ್ಟಿನ್ ಎಳೆ ಹಿಡಿದಿರುತ್ತದೆ. ದಂಡದಲ್ಲಿ ಮಡಚಿಕೊಂಡ 13 ಗಂಟುಗಳಿವೆ. ಮಯೋಸಿನ್ ಆಕ್ಟಿನ್‌ನನ್ನು ಎಳೆದಾಗ ಆರ್3 ಎಂಬ ಗಂಟು ಸುಮಾರು 5 ಪಿಕೋನ್ಯೂಟನ್‌ಗೇ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ ಸುರುಳಿ ಹೊರಬಿದ್ದ ಕೂಡಲೇ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಅಂಟಿ, ಇನ್ನಷ್ಟು ಆಕ್ಟಿನ್ ಎಳೆಗಳನ್ನು ಜೋಡಿಸುತ್ತದೆ. ಹಿಡಿತ ಬಲಗೊಳ್ಳುತ್ತದೆ.

ಇನ್ನು ಕೋಶ ಅಂಟಿಕೊಂಡಿರುವ ನೆಲದ ಗಡಸುತನ. ಬಹಳ ಜನ ತಪ್ಪುವುದು ಇಲ್ಲೇ: ಗಡಸುತನ ಅಳೆಯುವ ಪ್ಯಾಸ್ಕಲ್ ಬೇರೆ, ಬಲ ಅಳೆಯುವ ನ್ಯೂಟನ್ ಬೇರೆ. ಗಡಸುತನ ಬಲವಲ್ಲ. ಅದು ಬಲ ಎಷ್ಟು ಬೇಗ ಏರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಗದಗ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಗೂಟ ಹೊಡೆದು ಎತ್ತು ಕಟ್ಟಿ ನೋಡಿ. ಎತ್ತು ಜಗ್ಗಿದರೆ ಗೂಟ ವಾಲುತ್ತದೆ, ಹಗ್ಗ ನಿಧಾನಕ್ಕೆ ಬಿಗಿಯುತ್ತದೆ. ಒಣಗಿದ ಮಸಾರಿ ನೆಲದಲ್ಲಾದರೆ ಒಂದೇ ಜಗ್ಗಿಗೆ ಹಗ್ಗ ಟಣ್ಣನೆ ನಿಲ್ಲುತ್ತದೆ. ಕೋಶದಲ್ಲೂ ಹೀಗೆಯೇ, ಎರಡು ಘಟನೆಗಳ ನಡುವೆ ಪೈಪೋಟಿ. ಮೆತ್ತನೆಯ ನೆಲದ ಮೇಲೆ ಬಲ ಏರುವಷ್ಟರಲ್ಲಿ ನೆಲದ ಮೇಲಿನ ಫೈಬ್ರೊನೆಕ್ಟಿನ್ ಪ್ರೋಟೀನನ್ನು ಹಿಡಿದಿದ್ದ ಇಂಟೆಗ್ರಿನ್‌ನ ಹಿಡಿತ ಕಳಚುತ್ತದೆ, ಟ್ಯಾಲಿನ್ ಬಿಚ್ಚುವುದೇ ಇಲ್ಲ. ಗಡಸಾದ ನೆಲದ ಮೇಲೆ ಟ್ಯಾಲಿನ್ ಮೊದಲು ಬಿಚ್ಚುತ್ತದೆ. ಫೈಬ್ರೊಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಕೋಶಗಳಲ್ಲಿ ಈ ತಿರುವು ಸುಮಾರು 5 ಕಿಲೋಪ್ಯಾಸ್ಕಲ್ ಹತ್ತಿರ. ಇಂಟೆಗ್ರಿನ್ ಹಿಡಿತವೂ ಜೀರಗುಣಿಕೆಯಂಥದ್ದು. ಒಂದು ಮಿತಿಯವರೆಗೆ ಎಳೆದಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ.

ಹಿಡಿತ ಬಲಗೊಂಡ ಮೇಲೆ ಯಾಪ್ ಎಂಬ ಪ್ರೋಟೀನ್ ಕೋಶರಸದಿಂದ ಕೋಶಕೇಂದ್ರಕ್ಕೆ ಸೇರಿ ಬೆಳವಣಿಗೆಯ ಜೀನ್‌ಗಳನ್ನು ಚಾಲೂ ಮಾಡಿಸುತ್ತದೆ.

ಬಲ ಗ್ರಹಿಸುವ ಇನ್ನೊಂದು ಪ್ರೋಟೀನ್ ಪೀಜೋ; ಅದರ ದಾರಿ ಬೇರೆ. ಅದು ಮೂರು ಉಪಘಟಕಗಳ ಅಯಾನು ವಾಹಿನಿ. ಪೊರೆ ಬಿಗಿದಾಗ ಅದರ ಬಾಗಿದ ತೋಳುಗಳು ಚಪ್ಪಟೆಯಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. 2010ರಲ್ಲಿ ಪತ್ತೆಯಾಯಿತು, ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ಇದು ಮಿಲಿಸೆಕೆಂಡುಗಳ ಆಟ. ಯಾಪ್ ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು.

ಗಡಸುತನದ ಪ್ರಯೋಗಕ್ಕೆ ಕೋಶಗಳನ್ನು ಮೆತ್ತನೆಯ, ಗಡಸಾದ ಪಾಲಿಅಕ್ರಿಲಮೈಡ್ ಜೆಲ್‌ಗಳ ಮೇಲೆ ಬೆಳೆಸುತ್ತಾರೆ. ಅಲ್ಲಿ ಕೆಡುವುದು ಎಲ್ಲಿ? ಜೆಲ್ ಗಟ್ಟಿಯಾಗದಿದ್ದರೆ ಅದನ್ನು ಗಟ್ಟಿಯಾಗಿಸುವ ಕ್ರಿಯೆ ಶುರುಮಾಡುವ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣ ಹಳೆಯದಾಗಿರಬಹುದು, ಇಲ್ಲವೇ ಕರಗಿದ ಆಮ್ಲಜನಕ ಕ್ರಿಯೆಯನ್ನು ತಡೆದಿರಬಹುದು. ದ್ರಾವಣ ಹೊಸದಾಗಿ ಮಾಡಿ, ಮಿಶ್ರಣದ ಗಾಳಿ ತೆಗೆಯಿರಿ. ಜೆಲ್‌ಗೆ ಕೋಶ ತಾನಾಗಿ ಅಂಟುವುದಿಲ್ಲ, ಮೇಲ್ಮೈಗೆ ಕೊಲಾಜನ್ ಅಥವಾ ಫೈಬ್ರೊನೆಕ್ಟಿನ್ ರಾಸಾಯನಿಕವಾಗಿ ಕಟ್ಟಬೇಕು. ಜೆಲ್ ಕೆಲವೇ ಮೈಕ್ರೊಮೀಟರ್ ತೆಳುವಾದರೆ ಕೋಶಕ್ಕೆ ಕೆಳಗಿನ ಗಾಜೇ ತಿಳಿಯುತ್ತದೆ; 50ರಿಂದ 100 ಮೈಕ್ರೊಮೀಟರ್ ದಪ್ಪ ಇಡಿ. ಗಡಸುತನವನ್ನು ಬಫರ್‌ನಲ್ಲಿ ನೆನೆದು ಉಬ್ಬಿದ ಮೇಲೆಯೇ ಅಳೆಯಿರಿ.

ಕೋಶಗಳ ದಟ್ಟಣೆಯನ್ನು ಮಾತ್ರ ಮರೆಯಲೇಬಾರದು. ಒತ್ತೊತ್ತಾಗಿ ಬೆಳೆದ ಕೋಶಗಳಲ್ಲಿ ನೆಲ ಗಡಸಿದ್ದರೂ ಯಾಪ್ ಕೇಂದ್ರದಿಂದ ಹೊರಬರುತ್ತದೆ. ಮೆತ್ತನೆಯ ಜೆಲ್ ಮೇಲೆ ಹೆಚ್ಚು, ಗಡಸಿನ ಮೇಲೆ ಕಡಿಮೆ ಕೋಶ ಬಿತ್ತಿದರೆ ಕಾಣುವ ವ್ಯತ್ಯಾಸ ಗಡಸುತನದ್ದೋ ದಟ್ಟಣೆಯದ್ದೋ ಹೇಳಲಾಗದು. ಹೋಲಿಕೆಗೆ ಬ್ಲೆಬಿಸ್ಟಾಟಿನ್ ಎಂಬ ಔಷಧ ಹಾಕಿ ಮಯೋಸಿನ್ ನಿಲ್ಲಿಸಿ ನೋಡಿ. ಗಡಸು ನೆಲದ ಮೇಲೂ ಯಾಪ್ ಹೊರಬರಬೇಕು. ನೀಲಿ ಬೆಳಕಿಗೆ ಈ ಔಷಧ ಕೆಡುತ್ತದೆ, ಕೋಶಗಳಿಗೆ ವಿಷವೂ ಆಗುತ್ತದೆ. ಬಾಟಲಿಯನ್ನೂ ತಟ್ಟೆಯನ್ನೂ ಕತ್ತಲಲ್ಲಿಡಿ.