ಎರಡೂವರೆ ವರ್ಷದಲ್ಲಿ ಒಂದು ದೇಶ

2000ನೇ ಇಸವಿಯಲ್ಲಿ ಪೂರ್ವ ತಿಮೋರ್‌ನ ರಾಜಧಾನಿ ದಿಲಿಯ ಕಡಲತೀರದಲ್ಲಿ ನಿಂತರೆ ಒಂದು ಕಡೆ ಚಾವಣಿಯಿಲ್ಲದ, ಸುಟ್ಟು ಕರಕಲಾದ ಮನೆಗಳು. ಇನ್ನೊಂದು ಕಡೆ ನೀರಿನ ಮೇಲೆ ಒಂದು ತೇಲುವ ಹೋಟೆಲ್. ಅದರಲ್ಲಿ ಇಳಿದುಕೊಂಡಿದ್ದವರು ದೇಶ ಕಟ್ಟಿಕೊಡಲು ಬಂದ ವಿಶ್ವಸಂಸ್ಥೆಯವರು. ಊರಲ್ಲಿ ಉಳಿಯಲು ಗಟ್ಟಿ ಕಟ್ಟಡಗಳೇ ಕಡಿಮೆ ಇದ್ದವು, ಅದೂ ನಿಜ. ಆದರೂ ಕೆಲಸವಿಲ್ಲದೆ ದಡದಲ್ಲಿ ಕೂತ ಹುಡುಗರ ಕಣ್ಣಿಗೆ ಅದು ಹೇಗೆ ಕಂಡಿರಬೇಡ!

ಪೂರ್ವ ತಿಮೋರ್ ಅಂದರೆ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾ ನಡುವಿನ ಪುಟ್ಟ ದೇಶ, ಅಧಿಕೃತವಾಗಿ ತಿಮೋರ್-ಲೆಸ್ತೆ. ಮಲಯ್ ಭಾಷೆಯಲ್ಲಿ ‘ತಿಮುರ್’ ಅಂದರೆ ಪೂರ್ವ, ಪೋರ್ಚುಗೀಸಿನಲ್ಲಿ ‘ಲೆಸ್ತೆ’ ಅಂದರೂ ಪೂರ್ವವೇ. ಪೋರ್ಚುಗಲ್‌ನ ವಸಾಹತಾಗಿದ್ದ ಇದು 1975ರ ನವೆಂಬರ್ 28ರಂದು ಸ್ವಾತಂತ್ರ್ಯ ಸಾರಿಕೊಂಡಿತು. ಒಂಬತ್ತೇ ದಿನಕ್ಕೆ ಇಂಡೋನೇಷ್ಯಾದ ಸೈನ್ಯ ನುಗ್ಗಿತು. 24 ವರ್ಷ ಕಳೆದ ಮೇಲೆ, 1999ರ ಆಗಸ್ಟ್ 30ರ ಜನಮತದಲ್ಲಿ ಶೇ. 78.5 ಮಂದಿ ‘ನಮ್ಮ ದಾರಿ ನಮಗೆ’ ಎಂದರು. ಅದರ ಸಿಟ್ಟಿಗೆ ಇಂಡೋನೇಷ್ಯಾ ಸೈನ್ಯದ ಬೆಂಬಲವಿದ್ದ ಗುಂಪುಗಳು ದೇಶಕ್ಕೆ ಬೆಂಕಿ ಇಟ್ಟವು. ಆಸ್ಟ್ರೇಲಿಯಾ ನೇತೃತ್ವದ ಪಡೆ ಬಂದು ಅದನ್ನು ತಡೆಯಿತು.

ಮುಂದಿನದು ಅಪರೂಪದ ಪ್ರಯೋಗ. 1999ರ ಅಕ್ಟೋಬರ್‌ನಿಂದ ವಿಶ್ವಸಂಸ್ಥೆಯೇ ಸರ್ಕಾರ! ಕಾನೂನು, ಆಡಳಿತ, ಕೋರ್ಟು ಎಲ್ಲವೂ ವಿಶ್ವಸಂಸ್ಥೆಯ ಅಧಿಕಾರಿ, ಬ್ರೆಜಿಲ್‌ನ ಸೆರ್ಜಿಯೊ ವಿಯೆರಾ ದ ಮೆಲ್ಲೊ ಕೈಯಲ್ಲಿ. ಇಂಡೋನೇಷ್ಯಾದ ಅಧಿಕಾರಿಗಳು ಗಂಟುಮೂಟೆ ಕಟ್ಟಿದ್ದರಿಂದ ಕೋರ್ಟುಗಳಲ್ಲಿ ಜಡ್ಜ್‌ಗಳೇ ಇರಲಿಲ್ಲ. ಲಾ ಓದಿ ಮುಗಿಸಿದ್ದ ಯುವಕರನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ಅವರು ಓದಿದ್ದು ಇಂಡೋನೇಷ್ಯಾದ ಭಾಷೆಯಲ್ಲಿ, ಹೊಸ ದೇಶ ಆರಿಸಿಕೊಂಡ ಭಾಷೆಗಳು ಪೋರ್ಚುಗೀಸ್ ಮತ್ತು ತೇತುಮ್. 2005ರ ಪರೀಕ್ಷೆಯಲ್ಲಿ ಅವರೆಲ್ಲರೂ ಫೇಲಾದರು.

ನನ್ನ ಪ್ರಕಾರ ದೊಡ್ಡ ತಪ್ಪು ನಡೆದದ್ದು ಪೊಲೀಸ್ ಮತ್ತು ಸೈನ್ಯದ ವಿಷಯದಲ್ಲಿ. ಕಾಡಿನಲ್ಲಿ ಹೋರಾಡಿದ ಗೆರಿಲ್ಲಾಗಳಲ್ಲಿ ಒಂದಷ್ಟು ಜನರನ್ನು ಆರಿಸಿ ಸೈನ್ಯ ಕಟ್ಟಿದರು. ಉಳಿದವರನ್ನು ಮನೆಗೆ ಕಳಿಸಿದರು. ಅದೇ ಹೊತ್ತಿಗೆ, ಹಿಂದೆ ಇಂಡೋನೇಷ್ಯಾದ ಪೊಲೀಸರಾಗಿದ್ದ ಕೆಲವರು ಹೊಸ ಪೊಲೀಸ್ ಪಡೆಗೆ ಸೇರಿಕೊಂಡರು. ಬಂದೂಕು ಹಿಡಿದು ಹೋರಾಡಿದವನು ಮನೆಯಲ್ಲಿ, ಎದುರಿಗಿದ್ದವನು ಯೂನಿಫಾರ್ಮಿನಲ್ಲಿ. ಇದು ಒಳಗೊಳಗೇ ಕುದಿಯದೆ ಇರುತ್ತದಾ? ಜೊತೆಗೆ ತರಬೇತಿ ಕೊಟ್ಟವರು ಹತ್ತಾರು ದೇಶಗಳ ಪೊಲೀಸರು, ಒಬ್ಬೊಬ್ಬರದು ಒಂದೊಂದು ಪಾಠ.

2002ರ ಮೇ 20ಕ್ಕೆ ಸ್ವಾತಂತ್ರ್ಯ ಬಂತು. ಗೆರಿಲ್ಲಾ ನಾಯಕ ಶನಾನಾ ಗುಸ್ಮಾವೊ ಮೊದಲ ಅಧ್ಯಕ್ಷರಾದರು. ವಿಶ್ವಸಂಸ್ಥೆ ತನ್ನ ಜನರನ್ನು ಕಡಿಮೆ ಮಾಡುತ್ತಾ ಹೋಯಿತು. 2006ರಲ್ಲಿ, ದೇಶದ ಪಶ್ಚಿಮ ಭಾಗದವರಿಗೆ ಸೈನ್ಯದಲ್ಲಿ ಅನ್ಯಾಯವಾಗುತ್ತಿದೆ ಎಂದು ದೂರಿದ ಸುಮಾರು 600 ಸೈನಿಕರನ್ನು ಕೆಲಸದಿಂದ ತೆಗೆದರು. ಮೇ ತಿಂಗಳಲ್ಲಿ ದಿಲಿಯ ಬೀದಿಯಲ್ಲೇ ಸೈನಿಕರು ಪೊಲೀಸರ ಮೇಲೆ ಗುಂಡು ಹಾರಿಸಿದರು. ಆ ಪೊಲೀಸರು ನಿರಾಯುಧರಾಗಿ, ವಿಶ್ವಸಂಸ್ಥೆಯ ಕಾವಲಿನಲ್ಲಿ ನಡೆದು ಹೋಗುತ್ತಿದ್ದರು! ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟರು. ಆಸ್ಟ್ರೇಲಿಯಾದ ಸೈನಿಕರು ಮತ್ತೆ ಬಂದರು, ವಿಶ್ವಸಂಸ್ಥೆಯೂ ಮತ್ತೆ ದೊಡ್ಡ ತಂಡ ಕಳಿಸಿತು. ಆ ತಂಡದ ಮುಖ್ಯಸ್ಥರು ನಮ್ಮ ದೇಶದ ಅತುಲ್ ಖರೆ. ಅದಕ್ಕೂ ಮುಂಚೆ 2002ರಿಂದ 2004ರವರೆಗೆ ಇದೇ ಕೆಲಸ ನೋಡಿಕೊಂಡವರು ಭಾರತದವರೇ ಆದ ಕಮಲೇಶ್ ಶರ್ಮಾ. ಈ ಸಲ ವಿಶ್ವಸಂಸ್ಥೆ ಅವಸರ ಮಾಡದೆ 2012ರ ಕೊನೆಯವರೆಗೂ ಉಳಿಯಿತು.

ಹಾಗೆ ಮನೆ ಬಿಟ್ಟು ಬಿಡಾರಗಳಲ್ಲಿದ್ದ ಜನರನ್ನು ಮನೆಗೆ ಕಳಿಸಿದ್ದು ಮಾತ್ರ ತಿಮೋರ್‌ನ ಸ್ವಂತ ದುಡ್ಡು. ಮನೆ ಪೂರ್ತಿ ನಾಶವಾದ ಕುಟುಂಬಕ್ಕೆ 4,500 ಡಾಲರ್‌ವರೆಗೆ ಸರ್ಕಾರ ಕೊಟ್ಟಿತು. (ಹೌದು, ಡಾಲರ್. ಅಮೆರಿಕದ ನೋಟೇ ಅಲ್ಲಿನ ನೋಟು. ಚಿಲ್ಲರೆ ನಾಣ್ಯ ಮಾತ್ರ ಸ್ವಂತದ್ದು.) ಆ ದುಡ್ಡಿನ ಮೂಲ ಸಮುದ್ರದ ತೈಲ ಮತ್ತು ಗ್ಯಾಸ್. ನಾರ್ವೆಯ ಮಾದರಿಯಲ್ಲಿ 2005ರಲ್ಲೇ ಒಂದು ಪೆಟ್ರೋಲಿಯಂ ನಿಧಿ ಮಾಡಿಕೊಂಡಿದ್ದರು. ಬಂದದ್ದನ್ನೆಲ್ಲ ಅದಕ್ಕೆ ಹಾಕಬೇಕು, ಸಂಸತ್ತು ಒಪ್ಪಿದಷ್ಟನ್ನೇ ತೆಗೆಯಬೇಕು. ಹೊರಗಿನವರು ಹೇಳಿಕೊಟ್ಟ ಪಾಠಗಳಲ್ಲಿ ಚೆನ್ನಾಗಿ ಬೇರುಬಿಟ್ಟದ್ದು ಇದೇ ಇರಬೇಕು. ಇನ್ನೊಂದು, ಕ್ಯೂಬಾ ನೂರಾರು ತಿಮೋರ್ ಹುಡುಗ ಹುಡುಗಿಯರನ್ನು ಡಾಕ್ಟರ್ ಮಾಡಿದ್ದು. ಆ ಡಾಕ್ಟರುಗಳು ಈಗ ಹಳ್ಳಿಗಳಲ್ಲಿದ್ದಾರೆ.

2025ರ ಅಕ್ಟೋಬರ್‌ನಲ್ಲಿ ತಿಮೋರ್-ಲೆಸ್ತೆ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನ 11ನೇ ಸದಸ್ಯ ದೇಶವಾಯಿತು. ಅದೇ ವರ್ಷ, ನಿಧಿಗೆ ದುಡ್ಡು ತುಂಬುತ್ತಿದ್ದ ಬಾಯು-ಉಂದಾನ್ ಎಂಬ ಸಮುದ್ರದ ಗ್ಯಾಸ್ ಕಣಜ ಬರಿದಾಗಿ ಉತ್ಪಾದನೆ ನಿಂತಿತು. ಇನ್ನೊಂದು ದೊಡ್ಡ ನಿಕ್ಷೇಪ ಗ್ರೇಟರ್ ಸನ್‌ರೈಸ್. ಆಸ್ಟ್ರೇಲಿಯಾ ಜೊತೆಗಿನ 2018ರ ಗಡಿ ಒಪ್ಪಂದದಲ್ಲಿ ತಿಮೋರ್‌ಗೆ ಅದರ ದೊಡ್ಡ ಪಾಲು ಸಿಕ್ಕಿದೆ. ಆದರೆ ಅಲ್ಲಿನ ಗ್ಯಾಸ್ ಪೈಪ್ ತಿಮೋರ್ ದಡಕ್ಕೆ ಬರಬೇಕೋ, ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೋಗಬೇಕೋ ಎಂಬ ಜಗಳ ವರ್ಷಗಟ್ಟಲೆ ಎಳೆದಿದೆ.