ಇಷ್ಟೊಂದು ಡಾಕ್ಟರು ಬಂದು ಹೋಗ್ತಾರೆ, ನಮ್ಮ ರೋಗಿ ಯಾರ ಜವಾಬ್ದಾರಿ?

ಪ್ರಶ್ನೆ: ನಮ್ಮ ತಂದೆಯವರನ್ನು ದೊಡ್ಡ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನವಾಯಿತು. ದಿನಕ್ಕೆ ಏಳೆಂಟು ಜನ ಡಾಕ್ಟರು ಬರುತ್ತಾರೆ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳುತ್ತಾರೆ. ನಾವು ಏನಾದರೂ ಕೇಳಿದರೆ ‘ಸರ್ ಬಂದ ಮೇಲೆ ಹೇಳ್ತೀವಿ’ ಅನ್ನುತ್ತಾರೆ. ಅಪ್ಪನ ಡಾಕ್ಟರು ನಿಜಕ್ಕೂ ಯಾರು?

ಉತ್ತರ: ಕೇಸ್ ಶೀಟಿನ ಮೊದಲ ಪುಟದ ಮೇಲ್ತುದಿ ನೋಡಿ. ಹೆಸರು, ವಯಸ್ಸು, ನೋಂದಣಿ ಸಂಖ್ಯೆಯ ಆಸುಪಾಸಿನಲ್ಲೇ ವಿಭಾಗದ ಹೆಸರೂ ಅದರ ಮುಂದೆ ಯೂನಿಟ್ಟಿನ ಸಂಖ್ಯೆಯೋ ಮುಖ್ಯಸ್ಥರ ಹೆಸರೋ ಇರುತ್ತದೆ. ಮೆಡಿಸಿನ್ ಯೂನಿಟ್ 3, ಸರ್ಜರಿ ಯೂನಿಟ್ 2, ಹೀಗೆ. ನಿಮ್ಮ ತಂದೆಯವರ ಡಾಕ್ಟರು ಆ ಯೂನಿಟ್ಟು. ಆ ಯೂನಿಟ್ಟಿನ ಮುಖ್ಯಸ್ಥರು ನಿಮ್ಮ ಕಣ್ಣಿಗೆ ಇನ್ನೂ ಬೀಳದೆ ಇರಬಹುದು. ಆದರೂ ಚಿಕಿತ್ಸೆಯ ಕೊನೆಯ ಮಾತು ಅವರದು, ಹೊಣೆಯೂ ಅವರದೇ.

ಸಾವಿರಾರು ಹಾಸಿಗೆಯ ಆಸ್ಪತ್ರೆಯಲ್ಲಿ ಒಂದೊಂದು ವಿಭಾಗಕ್ಕೂ ನೂರಾರು ರೋಗಿಗಳು. ಅಷ್ಟನ್ನೂ ಒಬ್ಬರೇ ನೋಡಲಾಗದು. ಹಾಗಾಗಿ ವಿಭಾಗವನ್ನು ಯೂನಿಟ್ಟುಗಳಾಗಿ ಒಡೆಯುತ್ತಾರೆ. ಒಂದು ಯೂನಿಟ್ಟಿನಲ್ಲಿ ಮುಖ್ಯಸ್ಥರಾಗಿ ಒಬ್ಬ ಪ್ರೊಫೆಸರ್, ಅವರ ಕೆಳಗೆ ಒಬ್ಬಿಬ್ಬರು ಬೋಧಕ ವೈದ್ಯರು, ಸೀನಿಯರ್ ರೆಸಿಡೆಂಟ್ (ಪಿಜಿ ಮುಗಿಸಿದ ವೈದ್ಯರು), ಮೂರೂ ವರ್ಷದ ಪಿಜಿಗಳು (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವ ವೈದ್ಯರು), ಸರದಿಯ ಮೇಲೆ ಬಂದು ಹೋಗುವ ಹೌಸ್ ಸರ್ಜನ್‌ಗಳು (ಎಂಬಿಬಿಎಸ್‌ನ ಕೊನೆಯ ತರಬೇತಿಯಲ್ಲಿರುವವರು). ವಾರವನ್ನೂ ಹಂಚಿಕೊಂಡಿರುತ್ತಾರೆ: ಒಂದು ಯೂನಿಟ್ಟಿಗೆ ಸೋಮವಾರ ಓಪಿಡಿ ಮತ್ತು ಅಡ್ಮಿಶನ್, ಇನ್ನೊಂದಕ್ಕೆ ಮಂಗಳವಾರ. ಸರ್ಜರಿಯಾದರೆ ಆಪರೇಷನ್ ದಿನ ಬೇರೆ. ಅಡ್ಮಿಶನ್ ದಿನ ತುರ್ತು ವಿಭಾಗಕ್ಕೆ ಬಂದವರೆಲ್ಲ ಆ ಯೂನಿಟ್ಟಿನ ಪಾಲು. ಮರುದಿನ ಬೆಳಿಗ್ಗೆ ಸರದಿ ಬದಲಾಗುತ್ತದೆ. ಅಂದರೆ ನಿಮ್ಮ ತಂದೆ ಯಾರ ಕೈಗೆ ಸೇರಿದರು ಅನ್ನುವುದು ಅವರು ಬಂದ ದಿನ, ವೇಳೆಯ ಮೇಲೆ ನಿರ್ಧಾರವಾಗಿದೆ. ಎಲ್ಲ ದೇಶಗಳಲ್ಲೂ ಇದೇ ಪದ್ಧತಿ ಇಲ್ಲ. ಎಷ್ಟೋ ಕಡೆ ಹಿರಿಯ ವೈದ್ಯರು ಒಂದೆರಡು ವಾರಕ್ಕೊಮ್ಮೆ ಸರದಿಯಲ್ಲಿ ಬದಲಾಗುತ್ತಾರೆ. ಅಲ್ಲಿ ಯೂನಿಟ್ಟಿನ ಬದಲು ‘ಈ ವಾರ ನಮ್ಮ ರೋಗಿಯ ಹೊಣೆ ಹೊತ್ತ ಹಿರಿಯ ವೈದ್ಯರು ಯಾರು’ ಎಂದು ಕೇಳಬೇಕು.

ಒಂದೇ ಪ್ರಶ್ನೆ ನಾಲ್ಕು ಸಲ ಏಕೆ? ಬರುವವರಲ್ಲಿ ಒಬ್ಬೊಬ್ಬರ ಕೆಲಸ ಒಂದೊಂದು. ಹೌಸ್ ಸರ್ಜನ್ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ರಿಪೋರ್ಟ್ ತಂದು ಶೀಟಿಗೆ ಸೇರಿಸುತ್ತಾರೆ. ಮೊದಲ ವರ್ಷದ ಪಿಜಿ ರೋಗದ ಪೂರ್ವಕಥೆ ಬರೆದುಕೊಂಡು, ದಿನವೂ ಪರೀಕ್ಷಿಸಿ, ಆರ್ಡರ್ ಬರೆಯುತ್ತಾರೆ. ಅದು ಸರಿಯಿದೆಯೇ ಎಂದು ಹಿರಿಯ ಪಿಜಿ ಅಥವಾ ಸೀನಿಯರ್ ರೆಸಿಡೆಂಟ್ ತಾವೇ ಮತ್ತೆ ಕೇಳಿ ನೋಡುತ್ತಾರೆ. ಆಮೇಲೆ ರೌಂಡ್ಸಿನಲ್ಲಿ, ಅಂದರೆ ಯೂನಿಟ್ಟು ಒಟ್ಟಾಗಿ ರೋಗಿಗಳನ್ನು ನೋಡುತ್ತಾ ಬರುವಾಗ, ಚೀಫ್ (ಯೂನಿಟ್ಟಿನ ಮುಖ್ಯಸ್ಥರು). ಮೂರನೇ ಸಲ ಕೇಳಿದಾಗಲೇ ‘ಹಾ, ಮೊಣಕಾಲು ನೋವಿಗೆ ಒಂದು ಮಾತ್ರೆ ಆರು ತಿಂಗಳಿಂದ ತಗೊಳ್ತಿದ್ರು’ ಎಂಬ ಮಾತು ಹೊರಬರುವುದು. ಕಿಡ್ನಿ ಏಕೆ ಕೆಟ್ಟಿತು ಎಂಬುದಕ್ಕೆ ಆ ಮಾತ್ರೆಯೇ ಕಾರಣವಾಗಿರಬಹುದು. ಬೇಸರ ಮಾಡಿಕೊಳ್ಳದೆ ಪ್ರತಿ ಸಲವೂ ಪೂರ್ತಿ ಹೇಳಿ. ಜೊತೆಗೆ ಬರುವ ವಿದ್ಯಾರ್ಥಿಗಳ ಮಾತು ಬೇರೆ. ಅವರು ಕಲಿಯಲು ಬಂದವರು, ಚಿಕಿತ್ಸೆ ನಿರ್ಧರಿಸುವವರಲ್ಲ. ರೋಗಿಗೆ ಸುಸ್ತಾಗಿದ್ದರೆ ‘ಈಗ ಬೇಡಪ್ಪ’ ಅನ್ನಲು ಪೂರ್ತಿ ಹಕ್ಕಿದೆ, ಅದರಿಂದ ಚಿಕಿತ್ಸೆಗೆ ಏನೂ ಕುಂದಾಗಬಾರದು.

ಇವರಲ್ಲಿ ನಿಮಗೆ ಮುಖ್ಯವಾದವರು ಮೊದಲ ವರ್ಷದ ಪಿಜಿ. ರೋಗಿಯ ವಿವರ ಯೂನಿಟ್ಟಿನಲ್ಲಿ ಅತಿ ಹೆಚ್ಚು ಗೊತ್ತಿರುವುದು ಅವರಿಗೇ. ಆದರೆ ದೊಡ್ಡ ನಿರ್ಧಾರ ಅವರ ಕೈಯಲ್ಲಿಲ್ಲ. ‘ಸರ್ ಬಂದ ಮೇಲೆ’ ಎನ್ನುವುದರ ಅರ್ಥ ಬಹುಮಟ್ಟಿಗೆ ಇಷ್ಟೇ. ಹಾಗಾಗಿ ಪ್ರಶ್ನೆಯನ್ನು ಎರಡಾಗಿ ಒಡೆದು ಕೇಳಿ. ‘ನಿನ್ನೆಯ ರಕ್ತ ಪರೀಕ್ಷೆಯಲ್ಲಿ ಏನು ಬಂತು, ಇವತ್ತು ಯಾವ ಔಷಧಿ ಬದಲಾಯಿತು’ ಎಂದು ಪಿಜಿಯನ್ನು ಕೇಳಿದರೆ ಉತ್ತರ ಸಿಗುತ್ತದೆ. ‘ಆಪರೇಷನ್ ಬೇಕಾ, ಯಾವಾಗ’ ಎಂಬುದನ್ನು ರೌಂಡ್ಸಿನ ಹೊತ್ತಿಗೆ ಇಟ್ಟುಕೊಳ್ಳಿ. ಮನೆಯವರಲ್ಲಿ ಒಬ್ಬರೇ ಮಾತಾಡುವುದು ಒಳ್ಳೆಯದು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದರೆ ಇನ್ನೂ ಒಳ್ಳೆಯದು.

ತರಬೇತಿಯಲ್ಲಿರುವ ವೈದ್ಯರಿಗೆ ‘ರೆಸಿಡೆಂಟ್’ ಎಂಬ ಹೆಸರೇ ಬಂದದ್ದು ಅವರು ಆಸ್ಪತ್ರೆಯಲ್ಲೇ ವಾಸವಿರುತ್ತಿದ್ದರು ಎಂಬುದರಿಂದ. 1889ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಈ ಕ್ರಮಕ್ಕೆ ಗಟ್ಟಿ ರೂಪ ಕೊಟ್ಟರು. ಹಗಲೂ ರಾತ್ರಿ ಅದೇ ವೈದ್ಯರು ಇರುತ್ತಿದ್ದುದರಿಂದ ‘ಯಾರ ರೋಗಿ’ ಎಂಬ ಗೊಂದಲ ಕಡಿಮೆ. ಆದರೆ ನಿದ್ದೆಗೆಟ್ಟ ಡಾಕ್ಟರು ತಪ್ಪು ಮಾಡುತ್ತಾರೆ. ನ್ಯೂಯಾರ್ಕ್ ರಾಜ್ಯ 1989ರಲ್ಲಿ ರೆಸಿಡೆಂಟರ ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಅಮೆರಿಕಕ್ಕೆಲ್ಲ ಅನ್ವಯವಾಯಿತು. ಯುರೋಪಿನ ಒಕ್ಕೂಟದಲ್ಲಿ ಮಿತಿ ಸರಾಸರಿ 48 ಗಂಟೆ. ಇದು ಆಗಲೇಬೇಕಿದ್ದ ಕೆಲಸ. ಆದರೆ ಗಂಟೆ ಕಡಿಮೆಯಾದಷ್ಟೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯನ್ನು ಒಪ್ಪಿಸುವ ಸಲಗಳು ಹೆಚ್ಚಾಗುತ್ತವೆ. ದೊಡ್ಡ ಆಸ್ಪತ್ರೆಯಲ್ಲಿ ಎಡವಟ್ಟುಗಳು ಬಹಳಷ್ಟು ಹುಟ್ಟುವುದು ಈ ಹ್ಯಾಂಡೋವರ್‌ನಲ್ಲಿ.

ಸಂಜೆ ಡ್ಯೂಟಿ ಮುಗಿಸುವ ಪಿಜಿ ರಾತ್ರಿಯವರಿಗೆ ‘12ನೇ ಬೆಡ್ಡು, ನ್ಯುಮೋನಿಯಾ, ಸ್ಟೇಬಲ್, ಸ್ವಲ್ಪ ನೋಡ್ಕೊಳ್ಳಿ’ ಎಂದು ಹೇಳಿ ಹೊರಟರು ಅಂದುಕೊಳ್ಳಿ. ಏನು ನೋಡಬೇಕು? ಯಾವಾಗ? ಅದನ್ನೇ ಹೀಗೆ ಹೇಳಬಹುದು: ‘12ನೇ ಬೆಡ್ಡಿನವರ ಮೇಲೆ ಕಣ್ಣಿಡಬೇಕು. ಎರಡನೇ ದಿನದ ನ್ಯುಮೋನಿಯಾ, ಆಕ್ಸಿಜನ್ 4 ಲೀಟರಿನಲ್ಲಿ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 94 ಇದೆ. 10 ಗಂಟೆಗೆ ಪೊಟ್ಯಾಸಿಯಂ ರಿಪೋರ್ಟ್ ಬರಬೇಕು, ನೋಡಿ. ಸ್ಯಾಚುರೇಶನ್ 90ಕ್ಕಿಂತ ಇಳಿದರೆ ಐಸಿಯುಗೆ ಫೋನ್ ಮಾಡಿ, ಅವರಿಗೆ ವಿಷಯ ಗೊತ್ತಿದೆ.’ ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ರೋಗಿ ಎಷ್ಟು ಗಂಭೀರ, ಕಥೆ ಏನು, ಬಾಕಿ ಕೆಲಸ ಏನು, ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು, ಕೊನೆಗೆ ತಿರುಗಿ ಹೇಳುವುದು, ಇಷ್ಟೇ ಲೆಕ್ಕ. ಈ ಕ್ರಮವನ್ನು ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವೈದ್ಯಕೀಯ ತಪ್ಪುಗಳು 23 ಶೇಕಡಾ ಕಡಿಮೆಯಾಗಿದ್ದವು. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿ ಬೇಕಾಗಲಿಲ್ಲ.

ಮೇಲಿನ ಪೊಟ್ಯಾಸಿಯಂ ಸುಮ್ಮನೆ ಹೇಳಿದ್ದಲ್ಲ. ರಾತ್ರಿ 2 ಗಂಟೆಗೆ ಅದು ತೀರಾ ಏರಿ 6.7 ಎಂದು ಬಂದರೆ ಹೃದಯದ ಬಡಿತವೇ ಹದ ತಪ್ಪಬಹುದು. ಲ್ಯಾಬಿನವರು ರಿಪೋರ್ಟನ್ನು ಕಂಪ್ಯೂಟರಿಗೆ ಹಾಕಿ ಸುಮ್ಮನಿರುವಂತಿಲ್ಲ, ವಾರ್ಡಿಗೆ ಫೋನ್ ಮಾಡಲೇಬೇಕು. ಸಿಸ್ಟರ್ ಅಂಕಿಯನ್ನು ಬರೆದುಕೊಂಡು, ಅದನ್ನು ಗಟ್ಟಿಯಾಗಿ ಓದಿ ಹೇಳಿ, ಸಮಯವನ್ನೂ ಫೋನ್ ಮಾಡಿದವರ ಹೆಸರನ್ನೂ ದಾಖಲಿಸುತ್ತಾರೆ. ಡ್ಯೂಟಿ ಪಿಜಿ ಬಂದು ಮೊದಲು ಇಸಿಜಿ ತೆಗೆಸುತ್ತಾರೆ. ಅದರಲ್ಲಿ ಬದಲಾವಣೆ ಕಂಡರೆ ಹೃದಯವನ್ನು ಕಾಪಾಡಲು ಕ್ಯಾಲ್ಸಿಯಂ, ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ಕಳಿಸಲು ಗ್ಲೂಕೋಸಿನ ಜೊತೆ ಇನ್ಸುಲಿನ್. ರಕ್ತ ಎಳೆಯುವಾಗ ಕಣಗಳು ಒಡೆದಿದ್ದರೂ ಅಂಕಿ ಸುಳ್ಳೇ ಏರಿ ಕಾಣುವುದುಂಟು, ಅದಕ್ಕೆ ಇನ್ನೊಂದು ಸ್ಯಾಂಪಲ್ಲೂ ಹೋಗುತ್ತದೆ. ಆದರೆ ಇಸಿಜಿ ಕೆಟ್ಟಿದ್ದರೆ ಅದರ ಫಲಿತಾಂಶಕ್ಕೆ ಕಾಯುತ್ತಾ ಕೂರುವುದಿಲ್ಲ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ, ಉದಾಹರಣೆಗೆ ರೋಗಿಯನ್ನು ಸಂಜೆ ಬೇರೆ ವಾರ್ಡಿಗೆ ಬದಲಾಯಿಸಿದ್ದು ಲ್ಯಾಬಿಗೆ ತಿಳಿಯದೆ ಹೋಗಿದ್ದರೆ, ಫೋನ್ ಹಳೆಯ ವಾರ್ಡಿನಲ್ಲೇ ರಿಂಗಾಗುತ್ತದೆ.

ಸಿಸ್ಟರ್‌ಗಳು ಯೂನಿಟ್ಟಿಗೆ ಸೇರಿದವರಲ್ಲ. ಅವರು ವಾರ್ಡಿಗೆ ಸೇರಿದವರು. ಮೇಲೆ ವಾರ್ಡ್ ಇನ್‌ಚಾರ್ಜ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್. ಒಂದು ವಾರ್ಡಿನಲ್ಲಿ ಮೂರು ಯೂನಿಟ್ಟುಗಳ ರೋಗಿಗಳಿದ್ದರೆ ಅವರು ಮೂವರು ಚೀಫ್‌ಗಳ ಆರ್ಡರ್ ಪಾಲಿಸಬೇಕು. ರೋಗಿ ಹದಗೆಡುವುದನ್ನು ಮೊದಲು ಗಮನಿಸುವವರೂ ಅವರೇ. ಅದಕ್ಕಾಗಿಯೇ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕ ಪದ್ಧತಿ ತಂದಿತು. ಉಸಿರಾಟದ ವೇಗ, ಸ್ಯಾಚುರೇಶನ್, ಬಿಪಿ, ನಾಡಿ, ಎಚ್ಚರದ ಮಟ್ಟ, ಜ್ವರ, ಇವಕ್ಕೆಲ್ಲ ಅಂಕ ಕೊಟ್ಟು ಕೂಡುವುದು. ಮೊತ್ತ 5 ಮುಟ್ಟಿದರೆ ಡಾಕ್ಟರು ತಡಮಾಡದೆ ಬಂದು ನೋಡಬೇಕು, 7 ಆದರೆ ತುರ್ತು ತಂಡವೇ ಬರಬೇಕು. ‘ಯಾಕೋ ಸರಿ ಕಾಣ್ತಿಲ್ಲ ಸರ್’ ಎಂದು ಹಿಂಜರಿಯುತ್ತಾ ಹೇಳುವುದಕ್ಕೂ ‘ಅಂಕ 7 ಇದೆ, ಬನ್ನಿ’ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಯಾವ ಡಾಕ್ಟರೂ ‘ಆಮೇಲೆ ನೋಡೋಣ’ ಅನ್ನುವಂತಿಲ್ಲ.

ಇನ್ನೊಂದು ಸಾಲು ಆಡಳಿತದ್ದು. ಕಾಲೇಜಿಗೆ ಡೀನ್, ಆಸ್ಪತ್ರೆಗೆ ಮೆಡಿಕಲ್ ಸೂಪರಿಂಟೆಂಡೆಂಟ್. ಪ್ರೊಫೆಸರ್ ಪಾಠ, ಪರೀಕ್ಷೆಯ ವಿಷಯದಲ್ಲಿ ಡೀನ್‌ಗೆ ಉತ್ತರ ಕೊಡಬೇಕು, ರೋಗಿಗಳ ಸೇವೆಯ ವಿಷಯದಲ್ಲಿ ಸೂಪರಿಂಟೆಂಡೆಂಟ್‌ಗೆ. ಔಷಧಿ ಸ್ಟಾಕ್, ಸ್ಟ್ರೆಚರ್, ಶುಚಿತ್ವ, ಆಕ್ಸಿಜನ್ ಪೈಪು, ಕೆಟ್ಟು ನಿಂತ ಸ್ಕ್ಯಾನಿಂಗ್ ಯಂತ್ರ ಎಲ್ಲ ಸೂಪರಿಂಟೆಂಡೆಂಟ್ ಕಡೆಯದು. ಇವುಗಳ ಬಗ್ಗೆ ಪಿಜಿಯ ಮೇಲೆ ರೇಗಿ ಪ್ರಯೋಜನವಿಲ್ಲ, ದೂರನ್ನು ಬರೆದು ಸೂಪರಿಂಟೆಂಡೆಂಟ್ ಕಚೇರಿಗೆ ಕೊಡಿ.

ಈಗ ಜವಾಬ್ದಾರಿ ಜಾರಿಹೋಗುವ ಸಂದುಗಳಿಗೆ ಬರೋಣ. ಮೊದಲನೆಯದು ರೆಫರೆನ್ಸ್. ಮೆಡಿಸಿನ್ ಯೂನಿಟ್ಟು ಹೃದ್ರೋಗ ವಿಭಾಗದ ಅಭಿಪ್ರಾಯ ಕೇಳುತ್ತದೆ. ಅವರು ಬಂದು ನೋಡಿ, ಕೇಸ್ ಶೀಟಿನ ಒಳಪುಟದಲ್ಲಿ ಒಂದು ಮಾತ್ರೆ ಶುರುಮಾಡಿ ಎಂದು ಬರೆದು ಹೋಗುತ್ತಾರೆ. ಅದು ಬರೀ ಸಲಹೆ. ಯೂನಿಟ್ಟಿನವರು ಓದಿ, ಒಪ್ಪಿ, ಡ್ರಗ್ ಚಾರ್ಟಿಗೆ ಇಳಿಸುವವರೆಗೆ ಸಿಸ್ಟರ್ ಆ ಮಾತ್ರೆ ಕೊಡುವುದಿಲ್ಲ. ಮಧ್ಯಾಹ್ನ ಬರೆದ ಸಲಹೆ ಮರುದಿನದ ರೌಂಡ್ಸಿನವರೆಗೆ ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು. ‘ಹಾರ್ಟ್ ಡಾಕ್ಟರು ಬಂದು ಹೋದರು, ಅವರು ಬರೆದದ್ದು ಚಾರ್ಟಿಗೆ ಬಂತಾ ಸಿಸ್ಟರ್?’ ಎಂದು ಕೇಳಿದರೆ ಒಂದು ದಿನ ಉಳಿಯಬಹುದು.

ಎರಡನೆಯದು, ಹಾಸಿಗೆಯಿಲ್ಲದೆ ಬೇರೆ ವಾರ್ಡಿನಲ್ಲಿ ಮಲಗಿಸಿದ ರೋಗಿ. ಯೂನಿಟ್ಟು ತನ್ನ ವಾರ್ಡಿನ ರೌಂಡ್ಸ್ ಮುಗಿಸಿ ಅಲ್ಲಿಗೆ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದನ್ನೇ ಮರೆಯುತ್ತದೆ. ಆ ವಾರ್ಡಿನ ಡಾಕ್ಟರಿಗೆ ಅವರು ತಮ್ಮ ರೋಗಿಯಲ್ಲ. ಹೀಗಿದ್ದರೆ ಬೆಳಿಗ್ಗೆಯೇ ನಿಮ್ಮ ಪಿಜಿಗೆ ಬೆಡ್ ನಂಬರ್ ನೆನಪಿಸುವುದರಲ್ಲಿ ಸಂಕೋಚ ಬೇಡ. ವಿಭಾಗ ಬದಲಾಗುವಾಗಲೂ ಇದೇ ಅಪಾಯ. ‘ಇದು ನಮ್ಮ ಕೇಸಲ್ಲ, ಅವರದು’ ಎಂದು ಎರಡೂ ಕಡೆಯವರು ಅಂದಾಗ ನೋಡಬೇಕಾದದ್ದು ಒಂದೇ: ಹೊಸ ವಿಭಾಗ ‘ವಹಿಸಿಕೊಂಡಿದ್ದೇವೆ’ ಎಂದು ದಿನಾಂಕ, ಸಮಯ, ಸಹಿ ಹಾಕಿದೆಯೇ? ಹಾಕುವವರೆಗೆ ಹಳೆಯ ಯೂನಿಟ್ಟೇ ಹೊಣೆ. ಐಸಿಯುನಲ್ಲಿ ಎರಡು ಬಗೆಯಿದೆ. ಕೆಲವು ಕಡೆ ಐಸಿಯು ವೈದ್ಯರೇ ಪೂರ್ತಿ ವಹಿಸಿಕೊಳ್ಳುತ್ತಾರೆ, ಕೆಲವು ಕಡೆ ಹಳೆಯ ಯೂನಿಟ್ಟೇ ಬಂದು ನೋಡುತ್ತದೆ. ಸೇರಿಸಿದ ದಿನವೇ ಕೇಳಿ ತಿಳಿದುಕೊಳ್ಳಿ.

ಕೊನೆಯದು ಡಿಸ್ಚಾರ್ಜ್, ಯಾರೂ ಅಷ್ಟಾಗಿ ಗಮನಿಸದ ಸಂದು. ಬ್ಲಡ್ ಕಲ್ಚರನ್ನು (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಸಾಮಾನ್ಯವಾಗಿ 5 ದಿನ ಇಟ್ಟು ನೋಡುತ್ತಾರೆ, ಬಯಾಪ್ಸಿಗೂ ದಿನಗಳು ಬೇಕು. ರೋಗಿ ಮೂರನೇ ದಿನ ಮನೆಗೆ ಹೋದರೆ ರಿಪೋರ್ಟ್ ಆಮೇಲೆ ವಾರ್ಡಿಗೆ ಬರುತ್ತದೆ. ಆ ಹಾಸಿಗೆಯಲ್ಲಿ ಆಗ ಬೇರೆ ರೋಗಿ. ಹೌಸ್ ಸರ್ಜನ್ ಕೂಡ ಬೇರೆ ವಿಭಾಗಕ್ಕೆ ಹೋಗಿರಬಹುದು. ಡಿಸ್ಚಾರ್ಜ್ ಸಮರಿ ಕೈಗೆ ಬಂದಾಗ ‘ಬಾಕಿ ಇರುವ ರಿಪೋರ್ಟ್ ಯಾವುದಾದರೂ ಇದೆಯಾ, ಇದ್ದರೆ ಇದರಲ್ಲೇ ಬರೆದುಕೊಡಿ’ ಎಂದು ಕೇಳಿ. ತಿರುಗಿ ತೋರಿಸಲು ನಿಮ್ಮ ಯೂನಿಟ್ಟಿನ ಓಪಿಡಿ ದಿನವೇ ಬನ್ನಿ. ಅಡ್ಮಿಟ್ ಆದದ್ದು ಸೋಮವಾರದ ಯೂನಿಟ್ಟಾದರೆ ಸೋಮವಾರ. ಬುಧವಾರ ಬಂದರೆ ಅಲ್ಲಿ ಕೂತವರು ಬೇರೆ ಯೂನಿಟ್ಟಿನವರು, ನಿಮ್ಮ ತಂದೆಯ ಕಥೆ ಅವರಿಗೆ ಮೊದಲಿಂದ ಹೇಳಬೇಕು.